ಮುಟ್ಟದೆ ಬಿಟ್ಟ ಆನೆ

ಕಳೆದ ತಿಂಗಳು ಹಗರಿಬೊಮ್ಮನಹಳ್ಳಿಯ ನಮ್ಮ ಮನೆಗೆ ಹೊಲಿಗೆ ಯಂತ್ರ ರಿಪೇರಿ ಮಾಡುವವನು ಬಂದಿದ್ದ. ಅತ್ತೆಯವರ ಕಾಲದ ಯಂತ್ರ ಅದು. ನಾಲ್ಕೈದು ವರ್ಷಗಳಿಂದ ಅದರ ಮೇಲೆ ಮಡಚಿದ ಹೊದಿಕೆ, ಹಳೆಯ ಕ್ಯಾಲೆಂಡರು, ಕರೆಂಟ್ ಬಿಲ್ಲು ಇಡುತ್ತಿದ್ದೆವೇ ಹೊರತು ಯಾರೂ ಕೂತು ತುಳಿದಿರಲಿಲ್ಲ. ಅವನು ಯಂತ್ರದ ತಲೆಯನ್ನು ಹಿಂದಕ್ಕೆ ಮಗುಚಿ, ಉದ್ದ ಮೂತಿಯ ಡಬ್ಬಿಯಿಂದ ಅಲ್ಲಲ್ಲಿ ಎಣ್ಣೆ ಬಿಟ್ಟು, ಗಾಲಿಯನ್ನು ನಾಲ್ಕು ಸಲ ತಿರುವಿದ. ನಾನು ಅಡುಗೆಮನೆಯ ಬಾಗಿಲಲ್ಲಿ ಕೂತು ಮೆಂತ್ಯದ ಸೊಪ್ಪು ಬಿಡಿಸುತ್ತಿದ್ದೆ. ಎಣ್ಣೆ ಮತ್ತು ಹಳೆಯ ನೂಲಿನ ಧೂಳು ಕಲೆತ ಆ ವಾಸನೆ ಬಂದದ್ದೇ ತಡ, ಸೊಪ್ಪು ಕೈಯಲ್ಲೇ ಉಳಿಯಿತು.

"ಯಾಕ್ರಿ ಅಕ್ಕಾರ, ವಾಸ್ನಿ ಆಗಿಬರೂದಿಲ್ಲೇನ್ರಿ?" ಎಂದು ಅವನು ಕೇಳಿದ.

ಆಗಿಬರುತ್ತದಪ್ಪಾ ಎಂದೆ. ಕೊಟ್ಟೂರಿನಲ್ಲಿ ನಾನು ಓದಿದ ಕಾನ್ವೆಂಟಿನ ಗೇಟಿನ ಪಕ್ಕದ ಟೇಲರ್ ಕಾಕಾನ ಅಂಗಡಿ ಹೀಗೇ ನಾರುತ್ತಿತ್ತು ಎಂದು ಅವನಿಗೆ ಹೇಳಿ ಏನು ಮಾಡುವುದು... ಹೇಳಬೇಕಾದವರಿಗೇ ಹೇಳಲಿಲ್ಲ.

ಅಂಗಡಿ ಎಂದರೆ ಶಾಲೆಯ ಕಾಂಪೌಂಡಿಗೆ ಆನಿಸಿ ಕಟ್ಟಿದ ತಗಡಿನ ಇಳಿಜಾರು, ಅಷ್ಟೇ. ಒಂದು ಯಂತ್ರ, ಬಟ್ಟೆ ಕತ್ತರಿಸುವ ಉದ್ದನೆಯ ಮೇಜು, ಗೋಡೆಗೆ ಮೊಳೆ ಹೊಡೆದು ನೇತುಹಾಕಿದ ನೀಲಿ ಸ್ಕರ್ಟುಗಳ ಸಾಲು. ನಮ್ಮ ಶಾಲೆಯ ಸಮವಸ್ತ್ರವನ್ನೆಲ್ಲ ಕಾಕಾನೇ ಹೊಲಿಯುತ್ತಿದ್ದುದು. ಪ್ರತಿ ಜೂನ್ ತಿಂಗಳಲ್ಲಿ ಶಾಲೆ ನಡೆಸುತ್ತಿದ್ದ ಸಿಸ್ಟರ್ ಒಂದೊಂದು ತರಗತಿಯ ಹುಡುಗಿಯರನ್ನು ಸಾಲಾಗಿ ಗೇಟಿನ ಹೊರಗೆ ಕಳಿಸುತ್ತಿದ್ದರು. ಕಾಕಾ ಕೊರಳಿಗೆ ಟೇಪು ಹಾಕಿಕೊಂಡು, ನೆಲ ನೋಡುತ್ತಲೇ ಅಳತೆ ತೆಗೆದುಕೊಂಡು, ಬಾಯಲ್ಲಿ ಅಂಕಿ ಹೇಳಿಕೊಳ್ಳುತ್ತ ಬರೆದುಕೊಳ್ಳುತ್ತಿದ್ದರು. ಶಾಲೆಯ ಒಳಗೆ ಅವರು ಬಂದದ್ದನ್ನು ನಾನು ಕಂಡಿರಲಿಲ್ಲ. ಯಾರೂ ಬರಬೇಡ ಎಂದಿರಲಿಲ್ಲ, ಬಾ ಎಂದೂ ಅಂದಿರಲಿಲ್ಲ. ಹೊಲಿದ ಬಟ್ಟೆಯ ಗಂಟನ್ನು ಸಹ ಗೇಟಿನ ಬಳಿ ಇಟ್ಟು, ಕಾವಲಿನವರನ್ನು ಕೂಗಿ, ತಿರುಗಿ ಹೋಗುತ್ತಿದ್ದರು.

ನಾನು ಎಂಟನೆಯ ತರಗತಿಯಲ್ಲಿದ್ದಾಗ ಒಂದು ಸಂಜೆ ಸ್ಕರ್ಟಿನ ಹೊಲಿಗೆ ಬಿಚ್ಚಿತ್ತೆಂದು ಅಂಗಡಿಗೆ ಹೋಗಿದ್ದೆ. ಮೇಜಿನ ಮೇಲೆ ಖಾಕಿ ಬಟ್ಟೆಯ ತುಂಡು ಹಾಸಿತ್ತು. ಅದರ ಮೇಲೆ ಟೇಲರ್ ಚಾಕಿನಿಂದ ಅರವತ್ತನಾಲ್ಕು ಮನೆ ಗೀಚಿ, ಶರ್ಟಿನ ಬಿಳಿ ಗುಂಡಿ, ಕೋಟಿನ ಕಪ್ಪು ಗುಂಡಿಗಳನ್ನು ಎದುರುಬದುರು ಸಾಲಿಟ್ಟಿದ್ದರು. ಗುಂಡಿಗಳ ಹಿಂದೆ ಖಾಲಿ ದಾರದುಂಡೆಯ ಮರದ ರೀಲುಗಳು, ಬಾಬಿನ್ನುಗಳು, ಬೆರಳಿಗೆ ಹಾಕಿಕೊಳ್ಳುವ ಹಿತ್ತಾಳೆಯ ಟೋಪಿಗಳು. ರೀಲು ಆನೆ, ಬಾಬಿನ್ನು ಕುದುರೆ, ಚಾಕಿನ ತುಂಡು ಒಂಟೆ, ಹಿತ್ತಾಳೆ ಟೋಪಿ ಮಂತ್ರಿ, ಎಲ್ಲಕ್ಕಿಂತ ದೊಡ್ಡ ರೀಲು ರಾಜ. ಕಾಕಾನ ಎಡಗೈಯಲ್ಲಿ ರಟ್ಟಿಲ್ಲದ ಒಂದು ಇಂಗ್ಲಿಷ್ ಪುಸ್ತಕವಿತ್ತು. ರದ್ದಿ ಅಂಗಡಿಯಲ್ಲಿ ಸಿಕ್ಕಿತ್ತಂತೆ. ಚಿತ್ರ ನೋಡಿ ಚೆಸ್ಸಿನದೆಂದು ಗೊತ್ತಾಗಿತ್ತು, ಅಕ್ಷರ ಮಾತ್ರ ಗೊತ್ತಾಗಿರಲಿಲ್ಲ.

"ಯವ್ವಾ, ನೀವು ಕಾನ್ವೆಂಟ್‌ನವರು. ಇದೇನು ಬರ್ದಾರ ಒಂದೀಟು ಓದಿ ಹೇಳು" ಎಂದು ಪುಸ್ತಕವನ್ನು ನನ್ನ ಕಡೆ ನೂಕಿದರು.

ನನಗೆ ಇಂಗ್ಲಿಷ್ ಬರುತ್ತಿತ್ತು, ಆಟ ಬರುತ್ತಿರಲಿಲ್ಲ. ಅವರಿಗೆ ಆಟ ಬರುತ್ತಿತ್ತು, ಇಂಗ್ಲಿಷ್ ಬರುತ್ತಿರಲಿಲ್ಲ. ನಾನು ಓದಿ ಹೇಳುವುದು, ಅವರು ರೀಲು, ಗುಂಡಿ ಸರಿಸುವುದು... ಹೀಗೆ ಶುರುವಾಯಿತು. ಪುಸ್ತಕದಲ್ಲಿ 'ಬಿಷಪ್' ಎಂದು ಬಂದಾಗ ನಾನು ಬೆಚ್ಚಿದ್ದೆ. ನನಗೆ ಗೊತ್ತಿದ್ದ ಬಿಷಪ್ಪರು ವರ್ಷಕ್ಕೊಮ್ಮೆ ಶಾಲೆಗೆ ಬಂದು, ಹಾರ ಹಾಕಿಸಿಕೊಂಡು ಹೋಗುವವರು. ಚಿತ್ರದಲ್ಲಿ ಆ ಮನೆಯಲ್ಲಿದ್ದ ಕಾಯಿ ಯಾವುದೆಂದು ನೋಡಿ ಕಾಕಾ ಹೊಟ್ಟೆ ಹಿಡಿದುಕೊಂಡು ನಕ್ಕರು. "ನಿಮ್ಮ ಬಿಷಪ್ಪಾರು ನಮ್ಮ ಕಡೆ ಒಂಟಿ ನೋಡವ್ವಾ! ಸಿಸ್ಟರ್ ಮುಂದ ಹೇಳಬ್ಯಾಡ, ನನ್ನ ಯೂನಿಫಾರ್ಮ್ ಆರ್ಡರ್ ಹೋಗ್ತೈತಿ."

ನಮ್ಮ ಕಡೆ ಕಟ್ಟೆಯ ಮೇಲೆ ಕೂತು ಆಡುವ ಆಟಕ್ಕೂ ಪುಸ್ತಕದ ಆಟಕ್ಕೂ ಸ್ವಲ್ಪ ವ್ಯತ್ಯಾಸವುಂಟು. ಕಟ್ಟೆಯ ಆಟದಲ್ಲಿ ರಾಜ ಇಡೀ ಆಟಕ್ಕೆ ಒಂದೇ ಒಂದು ಸಲ ಕುದುರೆಯ ಹಾಗೆ ಹಾರಿ ತಪ್ಪಿಸಿಕೊಳ್ಳಬಹುದು. ಆದರೆ ಅವನು ಹಾರುವುದಕ್ಕೆ ಮೊದಲೇ ಯಾರಾದರೂ ಅವನಿಗೆ ಶಹ ಕೊಟ್ಟರೆ, ಅಂದರೆ ಚೆಕ್ ಕೊಟ್ಟರೆ, ಆ ಜಿಗಿತ ಮುಗಿಯಿತು. ಹಾಗಾಗಿ ಕಟ್ಟೆಯ ಆಟಗಾರರಿಗೆಲ್ಲ ಒಂದೇ ಚಾಳಿ: ಏನಾದರೂ ಆಗಲಿ, ಮೊದಲು ಶಹ ಕೊಡು. ಕಾಕಾ ಬೆಳೆದದ್ದೂ ಅದೇ ಕಟ್ಟೆಯ ಮೇಲೆ. ಇನ್ನೊಂದು ಪದ್ಧತಿ, ಅಲ್ಲಿ ಇಬ್ಬರೇ ಆಡುವುದಿಲ್ಲ. ಸುತ್ತ ಕೂತ ಹತ್ತು ಜನಕ್ಕೂ ಬಾಯಿ ಹಾಕುವ ಹಕ್ಕಿರುತ್ತದೆ. ಒಳ್ಳೆಯ ನಡೆ ಬಿದ್ದರೆ ತೊಡೆ ತಟ್ಟುತ್ತಾರೆ, ಕೆಟ್ಟದ್ದಾದರೆ ಬೈಯುತ್ತಾರೆ. ಸುಮ್ಮನೆ ನೋಡಿದರೆ ಆಟಗಾರನಿಗೆ ಅವಮಾನ.

ಪುಸ್ತಕದಲ್ಲಿ ಒಂದು ಆರಂಭ ಕಾಕಾನಿಗೆ ತೀರ ಹಿಡಿಸಿತು. ಆರನೆಯ ನಡೆಗೇ ನಮ್ಮ ಕುದುರೆಯನ್ನು ಎದುರಾಳಿಯ ರಾಜನ ಪಕ್ಕದ ಸಿಪಾಯಿಯ ಮೇಲೆ ಎಸೆದುಬಿಡುವುದು. ರಾಜನೇ ಎದ್ದು ಬಂದು ಅದನ್ನು ಹೊಡೆಯಬೇಕು. ಹೊಡೆದ ಕೂಡಲೇ ನಮ್ಮ ಮಂತ್ರಿ ಬಂದು ಶಹ. ಆಗ ರಾಜ, ತನ್ನ ಕುದುರೆಯನ್ನು ಕಾಯುವ ಆಸೆಗೆ, ಮನೆ ಮಠ ಬಿಟ್ಟು ನಡುಬಯಲಿಗೆ ಬಂದು ನಿಲ್ಲುತ್ತಾನೆ. ತಪ್ಪಿದರೆ ಒಂದು ಕುದುರೆ ಹೋಯಿತು, ಆಟವೂ ಹೋಯಿತು. ಕೂಡಿಬಂದರೆ ಇಪ್ಪತ್ತು ನಡೆಯೊಳಗೆ ಮುಗಿಯುತ್ತದೆ. "ಇದು ನಮ್ಮ ಕಟ್ಟಿ ಆಟನ ಐತಿ ಬಿಡು, ಇಂಗ್ಲಿಷ್‌ನಾಗ ಬರ್ದಾರ ಅಷ್ಟ" ಎಂದರು ಕಾಕಾ. ಆದರೆ ರಾಜ ಬಯಲಿಗೆ ಬಂದ ಜಾಗಕ್ಕೇ ನಮ್ಮ ಪುಸ್ತಕ ಮುಗಿದಿತ್ತು. ಮುಂದಿನ ಪುಟಗಳನ್ನು ರದ್ದಿಯವನು ಯಾವ ಪೊಟ್ಟಣಕ್ಕೆ ಹರಿದಿದ್ದನೋ! ಅಲ್ಲಿಂದ ಮುಂದಿನದನ್ನೆಲ್ಲ ಕಾಕಾ ತಾವೇ ಹುಡುಕಿದರು. ಯಂತ್ರ ತುಳಿಯುತ್ತ ತುಳಿಯುತ್ತ ಇದ್ದಕ್ಕಿದ್ದಂತೆ ನಿಲ್ಲಿಸಿ, ಮೇಜಿಗೆ ಬಂದು ಒಂದು ರೀಲು ಸರಿಸಿ ನೋಡಿ, ಮತ್ತೆ ಹೋಗಿ ತುಳಿಯುವರು. ನಾನು ಶಾಲೆ ಬಿಟ್ಟು ಬಂದಾಗ ಅಂದಿನ ಸಂಶೋಧನೆಯನ್ನು ನನಗೆ ಕಲಿಸುವರು. ಒಂದೂವರೆ ವರ್ಷ ಹೀಗೆ ನಡೆಯಿತು. ನನ್ನ ಕೈಗೆ ಸದಾ ನೀಲಿ ಚಾಕಿನ ಪುಡಿ ಮೆತ್ತಿರುತ್ತಿತ್ತು.

ಒಂಬತ್ತನೆಯ ತರಗತಿಯಲ್ಲಿದ್ದಾಗ ಹರಪನಹಳ್ಳಿಯಲ್ಲಿ ಶಾಲಾ ಮಕ್ಕಳ ಚೆಸ್ ಪಂದ್ಯಾವಳಿ ಇದೆಯೆಂದು ಸುತ್ತೋಲೆ ಬಂತು. ಯಾರಿಗೆ ಆಟ ಬರುತ್ತದೆ ಎಂದು ಸಿಸ್ಟರ್ ಕೇಳಿದಾಗ ನಾನು ಕೈ ಎತ್ತಿದೆ. ಕಲಿಸಿದವರು ಯಾರೆಂದು ಕೇಳಿದರು. ತರಗತಿಯೆಲ್ಲ ತಿರುಗಿ ನೋಡುತ್ತಿತ್ತು. ಮೆಲ್ಲಗೆ, ಗೇಟಿನ ಹತ್ತಿರದ ಟೇಲರ್ ಎಂದೆ. ನನ್ನ ಬೆಂಚಿನ ಗೆಳತಿ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಳು. ಸಿಸ್ಟರ್ ನಗಲಿಲ್ಲ. ಸಂಜೆ ನನ್ನನ್ನು ಕರೆದುಕೊಂಡು ತಾವೇ ಗೇಟಿನ ಹೊರಗೆ ನಡೆದು ಬಂದರು. ಕಾಕಾ ಎದ್ದು ನಿಂತ ರಭಸಕ್ಕೆ ಕುರ್ಚಿ ಹಿಂದಕ್ಕೆ ಬಿತ್ತು.

"ಈ ಹುಡುಗಿ ಮೊದಲ ಸ್ಥಾನ ತಂದರೆ ಬರುವ ವರ್ಷದಿಂದ ಪ್ರತಿ ಶನಿವಾರ ಶಾಲೆಯಲ್ಲಿ ಚೆಸ್ ತರಗತಿ ಶುರು ಮಾಡೋಣ. ನೀವೇ ಒಳಗೆ ಬಂದು ಕಲಿಸಬೇಕು, ಮಾಸ್ಟರ್" ಎಂದರು ಸಿಸ್ಟರ್.

ಅವರು ಹೋದ ಮೇಲೆ ಕಾಕಾ ಬಿದ್ದ ಕುರ್ಚಿಯನ್ನು ಎತ್ತಿ ನಿಲ್ಲಿಸಿ, ಒರೆಸಿ, "ಮಾಸ್ತರ್ ಅಂದ್ರು, ಕೇಳಿದೇನವ್ವಾ?" ಎಂದರು. ಮರುದಿನ ಹೋದಾಗ ಯಂತ್ರದ ಮೇಲೆ ಬಿಳಿ ಬಟ್ಟೆಯಿತ್ತು. ಯಾರದೆಂದು ಕೇಳಿದೆ. "ನಂದ. ಶನಿವಾರಕ್ಕ ಬೇಕಲ್ಲ" ಎಂದು ನಾಚಿಕೊಂಡರು. ಊರಿಗೆಲ್ಲ ಅಂಗಿ ಹೊಲಿದವರು ತಮಗೆಂದು ಹೊಸ ಅಂಗಿ ಹೊಲಿದುಕೊಂಡದ್ದು ಎಷ್ಟು ವರ್ಷಕ್ಕೋ.

ನನಗೆ ಆ ಶನಿವಾರಗಳ ಭಯ ಹತ್ತಿದ್ದು ಅಂದಿನಿಂದಲೇ. ಇದನ್ನು ಬರೆಯಲು ನಾಚಿಕೆಯಾಗುತ್ತದೆ. ಸಂಜೆ ಅಂಗಡಿಯಲ್ಲಿ ಅವರು ನನ್ನ ಕಾಕಾ. ಆದರೆ ತರಗತಿಯೊಳಗೆ, ಕರಿಹಲಗೆಯ ಮುಂದೆ, ಕಾಲರಿಗೆ ಸೂಜಿ ಚುಚ್ಚಿಕೊಂಡು, "ಒಂಟಿ ಹಿಂಗ ಓರಿ ಹೊಕ್ಕೈತಿ ನೋಡ್ರವ್ವಾ" ಎನ್ನುವ ಕಾಕಾ... ಗೆಳತಿ ಆಗಲೇ ಅವರನ್ನು ಅಣಕಿಸಲು ಕಲಿತಿದ್ದಳು. ಕೊರಳಿಗೆ ರಿಬ್ಬನ್ ಹಾಕಿಕೊಂಡು, ನೆಲ ನೋಡುತ್ತ, ನನ್ನ ಸೊಂಟದ ಅಳತೆ ತೆಗೆಯುವಂತೆ ಮಾಡಿ, "ಇಪ್ಪತ್ನಾಕು... ಶಹ!" ಎನ್ನುವಳು. ಎಲ್ಲರೂ ನಗುವರು. ನಾನೂ ನಗುತ್ತಿದ್ದೆ.

ಹರಪನಹಳ್ಳಿಗೆ ಸಿಸ್ಟರ್ ನಮ್ಮ ನಾಲ್ವರು ಹುಡುಗಿಯರನ್ನು ಬೆಳಗಿನ ಬಸ್ಸಿಗೆ ಕರೆದುಕೊಂಡು ಹೊರಟರು. ಅದೇ ಬಸ್ಸಿನ ಹಿಂದಿನ ಸೀಟಿನಲ್ಲಿ ಬಿಳಿ ಅಂಗಿಯ ಕಾಕಾ ಕೂತಿದ್ದರು. ದಾರಿಯಲ್ಲಿ ಹುರಿದ ಶೇಂಗಾದ ಪೊಟ್ಟಣವೊಂದು ಹಿಂದಿನಿಂದ ಕೈಯಿಂದ ಕೈಗೆ ದಾಟಿ ನಮ್ಮ ಸೀಟಿಗೆ ಬಂತು. ಗೆಳತಿ ಅದನ್ನು ಬಿಚ್ಚಿ, "ನಿಮ್ಮ ಮಾಸ್ತರ್ ಕಳ್ಸ್ಯಾರಲೇ" ಎಂದು ಮೊಳಕೈಯಿಂದ ತಿವಿದಳು. ನಾನು ಹಿಂದೆ ತಿರುಗಿ ನೋಡಲಿಲ್ಲ. ಶೇಂಗಾ ಮಾತ್ರ ತಿಂದೆ.

ಪಂದ್ಯ ನಡೆದದ್ದು ಒಂದು ಶಾಲೆಯ ದೊಡ್ಡ ಹಾಲಿನಲ್ಲಿ. ಅಲ್ಲಿನ ಕಾಯಿಗಳಿಗೆ ಮುಖವಿತ್ತು, ಕುದುರೆಗೆ ಕಿವಿಯಿತ್ತು. ಮೊದಲೆರಡು ಆಟ ನನಗೆ ರೀಲು, ಬಾಬಿನ್ನಿಲ್ಲದೆ ಕೈ ಓಡಲಿಲ್ಲ. ಆದರೂ ಒಂದು ಡ್ರಾ ಬಿಟ್ಟರೆ ಉಳಿದವನ್ನೆಲ್ಲ ಗೆದ್ದೆ. ಕೊನೆಯ ಸುತ್ತಿಗೆ ಎದುರು ಬಂದವನು ಅದೇ ಊರಿನ ಕನ್ನಡಕದ ಹುಡುಗ. ಅವನು ಎಲ್ಲವನ್ನೂ ಗೆದ್ದಿದ್ದ, ನನಗಿಂತ ಅರ್ಧ ಅಂಕ ಮುಂದಿದ್ದ. ನಾನು ಗೆದ್ದರೆ ನನಗೆ ಮೊದಲ ಸ್ಥಾನ, ಡ್ರಾ ಆದರೆ ಅವನಿಗೆ. ಸಿಸ್ಟರ್ ನನ್ನ ತಲೆ ನೇವರಿಸಿ ದೂರ ಹೋಗಿ ಕೂತರು. ಕಾಕಾ ಹಾಲಿನ ಹೊರಗೆ, ಕಿಟಕಿಯ ಸರಳು ಹಿಡಿದುಕೊಂಡು ನಿಂತಿದ್ದರು. ಹೊಸ ಅಂಗಿಯ ಕಾಲರಿನಲ್ಲೂ ಸೂಜಿ ಹೊಳೆಯುತ್ತಿತ್ತು.

ಬಿಳಿ ಕಾಯಿ ನನಗೆ ಬಂದಿತ್ತು. ಹುಡುಗ ನಾವು ಅಂದುಕೊಂಡ ದಾರಿಯಲ್ಲೇ ಬಂದ. ಆರನೆಯ ನಡೆಗೆ ನಾನು ಕುದುರೆಯನ್ನು ಅವನ ಸಿಪಾಯಿಯ ಮೇಲೆ ಇಟ್ಟೆ. ಅವನು ಕನ್ನಡಕ ತೆಗೆದು ಒರೆಸಿಕೊಂಡು ನನ್ನನ್ನು ನೋಡಿದ. ರಾಜನನ್ನು ಎತ್ತಿ ನನ್ನ ಕುದುರೆಯನ್ನು ಹೊಡೆದ. ನಾನು ಮಂತ್ರಿಯನ್ನು ತಂದು ಶಹ ಕೊಟ್ಟೆ. ರಾಜ ಬಯಲಿಗೆ ಬಂದ.

"ಭಲೇ ಮಗಳ! ಬಂದ ನೋಡು ಹೊರಗ! ಬಿಡಬ್ಯಾಡ ಅವನ್ನ!"

ಸೂಜಿ ಬಿದ್ದರೆ ಕೇಳುವಂತಿದ್ದ ಹಾಲಿನಲ್ಲಿ ಕಿಟಕಿಯಿಂದ ಬಂದ ಆ ಕೂಗಿಗೆ ಎಲ್ಲ ಮೇಜಿನ ತಲೆಗಳೂ ಎದ್ದವು. ಕಾಕಾ ಕಟ್ಟೆಯ ಮೇಲೆ ಮಾಡುವುದನ್ನೇ ಮಾಡಿದ್ದರು. ಶಿಷ್ಯೆ ಕುದುರೆ ಕೊಟ್ಟು ರಾಜನನ್ನು ಎಳೆದಾಗ ಸುಮ್ಮನಿರುವುದು ಅವರಿಗೆ ಗೊತ್ತಿರಲಿಲ್ಲ. ತೀರ್ಪುಗಾರರು ಕುರ್ಚಿ ಸರಿಸಿ ಎದ್ದು ಬಂದರು.

"ಯಾರ್ರಿ ಅದು? ಇದೇನು ಕುಸ್ತಿ ಕಣ ಅನ್ಕಂಡೀರಾ?" ಎಂದು ಕಿಟಕಿಯ ಕಡೆ ಗದರಿ, ನನ್ನ ಕಡೆ ತಿರುಗಿದರು. "ನಿಮ್ಮೋರೇನಮ್ಮಾ ಇವ್ರು?"

ಕನ್ನಡಕದ ಹುಡುಗ ನೋಡುತ್ತಿದ್ದ. ಆಚೆಯ ಸಾಲಿನಲ್ಲಿ ಗೆಳತಿಯ ಭುಜಗಳು ನಗುವಿಗೆ ಕುಣಿಯುತ್ತಿದ್ದವು.

"ಅಲ್ಲ ಸರ್" ಎಂದೆ. "ನಮ್ಮ ಸ್ಕೂಲಿನ ಬಟ್ಟೆ ಹೊಲಿಯೋರು."

ಹೇಳಿದ ಮೇಲೆ ಕಿಟಕಿಯತ್ತ ಕಣ್ಣು ಹೋಯಿತು. ಕಾಕಾ ಸರಳಿನಿಂದ ಕೈ ತೆಗೆದಿದ್ದರು. "ಹೌದ್ರಿ ಸಾಹೇಬ್ರ, ಬಟ್ಟಿ ಹೊಲಿಯಾಂವ ನಾನು. ತಪ್ಪಾತ್ರಿ" ಎಂದು ಕೈ ಮುಗಿದು, ತೀರ್ಪುಗಾರರು ಬೆರಳು ತೋರಿಸಿದ ಕಡೆ, ಆ ಶಾಲೆಯ ಗೇಟಿನ ಆಚೆಗೆ ಹೋಗಿ ನಿಂತರು. ಬಿಳಿ ಅಂಗಿ ಬಿಸಿಲಿನಲ್ಲಿ ಬಹಳ ಹೊತ್ತು ಕಾಣುತ್ತಿತ್ತು.

ಆಟ ಮುಂದುವರಿಯಿತು. ಅವನ ರಾಜ ಹಲಗೆಯ ನಡುವೆ, ಸಂತೆಯಲ್ಲಿ ದಾರಿ ತಪ್ಪಿದವನ ಹಾಗೆ ನಿಂತಿದ್ದ. ಹತ್ತು ಹನ್ನೆರಡು ನಡೆ ಕಳೆದಿರಬೇಕು. ಮಂತ್ರಿಯಿಂದ ಶಹ ಕೊಡಬಹುದಿತ್ತು, ಅವನು ಪಕ್ಕಕ್ಕೆ ಸರಿಯುತ್ತಿದ್ದ. ಮತ್ತೆ ಶಹ, ಮತ್ತೆ ಮೊದಲಿನ ಮನೆಗೆ. ಹಾಗೆ ಮೂರು ಸಲ ಒಂದೇ ಸ್ಥಿತಿ ಬಂದರೆ ಡ್ರಾ ಎಂದು ಬೆಳಿಗ್ಗೆಯೇ ನಿಯಮ ಓದಿ ಹೇಳಿದ್ದರು. ಮೊದಲ ಸಲ ಶಹ ಕೊಟ್ಟೆ, ಸರಿದ. ಎರಡನೆಯ ಸಲ ಕೊಡುವ ಮುನ್ನ ಹಲಗೆಯನ್ನು ನೋಡುತ್ತ ಕೂತೆ.

ಆಗ ಆನೆ ಕಂಡಿತು.

ಮೂಲೆಯ ಆನೆ. ಅದನ್ನು ಮೂರು ಮನೆ ಸರಿಸಿ ನಡುವಿನ ಸಾಲಿಗೆ ತಂದು ಇಟ್ಟರೆ ಸಾಕಿತ್ತು. ಅದು ಶಹ ಅಲ್ಲ. ಸುಮ್ಮನೆ ಬಂದು ಕೂರುವ ನಡೆ. ಆದರೆ ಅದು ಕೂತ ಮೇಲೆ ರಾಜನಿಗೆ ಹಿಂದಕ್ಕೆ ಹೋಗುವ ದಾರಿಯೇ ಇರಲಿಲ್ಲ. ನಾನು ಎರಡು ಸಲ ಲೆಕ್ಕ ಹಾಕಿದೆ. ಮೂರನೆಯ ಸಲವೂ ಹಾಕಿದೆ. ಕೈ ಎತ್ತಿ ಆನೆಯ ಮೇಲಕ್ಕೆ ಒಯ್ದೆ. ಮುಟ್ಟಿದರೆ ನಡೆಸಲೇಬೇಕು. ಬೆರಳಿಗೂ ಆನೆಗೂ ನಡುವೆ ಒಂದು ಗುಂಡಿಯಷ್ಟು ಜಾಗ ಇದ್ದಿರಬೇಕು.

ಗೆದ್ದರೆ ಶನಿವಾರ. ಗೆದ್ದರೆ ಅವರು ಒಳಗೆ ಬರುತ್ತಾರೆ, ನಾನು ಈಗಷ್ಟೇ ನಮ್ಮವರಲ್ಲ ಎಂದವರು. ಎಲ್ಲರ ಮುಂದೆ ನನ್ನನ್ನು ಮಗಳೇ ಎನ್ನುತ್ತಾರೆ... ಹದಿನಾಲ್ಕು ವರ್ಷದವಳು ಇಷ್ಟು ಬಿಡಿಸಿ ಯೋಚಿಸಿದ್ದಳೇ, ಅಥವಾ ಇಷ್ಟು ವರ್ಷಗಳಲ್ಲಿ ನಾನೇ ಬಿಡಿಸಿಕೊಂಡಿದ್ದೇನೆಯೇ, ಆಣೆ ಮಾಡಿ ಹೇಳಲಾರೆ. ಕೈ ಹಿಂದಕ್ಕೆ ಬಂದದ್ದನ್ನು ಮಾತ್ರ ಆಣೆ ಮಾಡಿ ಹೇಳುತ್ತೇನೆ. ಆನೆಯನ್ನು ಮುಟ್ಟಲಿಲ್ಲ. ಮಂತ್ರಿಯನ್ನು ಎತ್ತಿ ಶಹ ಕೊಟ್ಟೆ. ಅವನು ಸರಿದ. ಮತ್ತೆ ಶಹ. ಮತ್ತೆ. ತೀರ್ಪುಗಾರರು ಬಂದು ನೋಡಿ ಡ್ರಾ ಎಂದು ಬರೆದುಕೊಂಡರು. ಹುಡುಗ ಉಸಿರು ಬಿಟ್ಟು, ಕೈ ಕುಲುಕಿ, "ನಾನು ಸೋತೆ ಅಂತ ಮಾಡಿದ್ದೆ" ಎಂದ. ಅವನ ಅಂಗೈ ಒದ್ದೆಯಾಗಿತ್ತು.

ಹೊರಗೆ ಬಂದು ಕಾಕಾನಿಗೆ ಡ್ರಾ ಎಂದಾಗ ಅವರ ಮುಖ ಒಂದು ಕ್ಷಣ ಇಳಿದು, ಕೂಡಲೇ ಮೇಲೆದ್ದಿತು. "ಡ್ರಾ ಅಂದ್ರ ಸೋಲಲ್ಲವ್ವಾ. ನಾ ಒದರಿ ನಿನ್ನ ಗಮನ ಕೆಡಿಸಿದೆ" ಎಂದರು. ನಾನು ಅಂದ ಮಾತನ್ನು ಅವರು ಎತ್ತಲೇ ಇಲ್ಲ. ನಡೆಗಳನ್ನು ಬರೆದಿಟ್ಟ ಹಾಳೆ ಇದೆಯೇ ಎಂದು ಕೇಳಿ, ಇಸಿದುಕೊಂಡು, ನಾಲ್ಕು ಮಡಿಕೆ ಮಾಡಿ ಹೊಸ ಅಂಗಿಯ ಜೇಬಿನಲ್ಲಿ ಇಟ್ಟುಕೊಂಡರು. ಆ ಹೊತ್ತಿಗೆ ಪುಸ್ತಕದ ಇಂಗ್ಲಿಷ್ ಗುರುತುಗಳನ್ನು ಓದುವಷ್ಟು ಅವರೂ ಕಲಿತಿದ್ದರು.

ಮೂರು ವಾರದ ಮೇಲೆ ಒಂದು ಸಂಜೆ ಗೇಟು ದಾಟುವಷ್ಟರಲ್ಲಿ ಅಂಗಡಿಯಿಂದ ಕೂಗಿದರು. ಕಣ್ಣು ಕೆಂಪಾಗಿದ್ದವು, ಗಡ್ಡ ಬೆಳೆದಿತ್ತು. ಖಾಕಿ ಬಟ್ಟೆಯ ಮೇಲೆ ನನ್ನ ಆಟ ನಿಂತಿತ್ತು. ಗುಂಡಿ ಗುಂಡಿಯೂ ಅದದೇ ಮನೆಯಲ್ಲಿ.

"ಸಿಕ್ತವ್ವಾ! ಇಲ್ಲಿ ನೋಡು. ಈ ಆನಿ ತಂದು ಇಲ್ಲಿ ಇಡಬೇಕಿತ್ತು. ಶಹ ಅಲ್ಲ ಏನಲ್ಲ, ಸುಮ್ನ ಬಂದು ಕುಂದ್ರೂದು." ರೀಲನ್ನು ಮೂರು ಮನೆ ಸರಿಸಿದರು. ಆಮೇಲೆ ದನಿ ಕುಗ್ಗಿತು. "ನಾ ನಿನಗ ಬರೇ ಶಹ ಕೊಡು, ಶಹ ಕೊಡು ಅಂತ ಕಲಿಸಿದೆ. ಕಟ್ಟಿ ಚಾಳಿ ನಂದು. ನನ್ನ ಮಾತು ಕೇಳಿ ನೀ ಶಹ ಕೊಟ್ಕೋತ ಕುಂತಿ. ತಪ್ಪು ನಂದು. ನಿನಗೇನಾರ ಇದು ಹೊಳದಿತ್ತೇನು?"

ಅವರು ಕೇಳಿಯೇ ಕೇಳಿದರು. ಬಾಯಿಬಿಟ್ಟು ಕೇಳಿದರು. ನಾನು ಆ ರೀಲನ್ನು ಮೊದಲ ಸಲ ನೋಡುವವಳ ಹಾಗೆ ಬಗ್ಗಿ ನೋಡಿದೆ.

"ಇಲ್ಲ ಕಾಕಾ, ಹೊಳೀಲಿಲ್ಲ" ಎಂದೆ.

ಅವರು ತಲೆ ಆಡಿಸಿದರು. ಕಾಯಿಗಳನ್ನು ಒಂದೊಂದಾಗಿ ಬಿಸ್ಕಿಟ್ ಡಬ್ಬಿಗೆ ತುಂಬಿದರು. ಆ ದಿನ ಕೆಟ್ಟ ಕೋಪವಿದ್ದರೆ ಅದು ಅವರಿಗೆ ತಮ್ಮ ಮೇಲೆಯೇ ಇತ್ತು. ನಾನು ಸ್ಕೂಲ್ ಬ್ಯಾಗು ಎದೆಗವಚಿಕೊಂಡು ಮನೆಗೆ ಓಡಿದೆ.

ಇಷ್ಟಕ್ಕೇ ಮುಗಿದಿದ್ದರೆ ಮಕ್ಕಳ ತಪ್ಪೆಂದು ನನ್ನನ್ನು ನಾನು ಬಿಟ್ಟುಬಿಡುತ್ತಿದ್ದೆನೇನೋ. ಮುಂದಿನ ಜೂನ್ ತಿಂಗಳು ಅಳತೆಗೆ ಸಾಲು ನಿಂತಿದ್ದೆವು. ಸಿಸ್ಟರ್ ಗೇಟಿನ ಹೊರಗೆ ಬಂದರು. ಎರಡನೆಯ ಸ್ಥಾನವೂ ದೊಡ್ಡದೇ, ಮ್ಯಾನೇಜ್‌ಮೆಂಟ್ ಒಪ್ಪಿದೆ, ಬರುವ ಶನಿವಾರದಿಂದ ತರಗತಿ ಶುರು ಮಾಡೋಣ ಎಂದು ಕಾಕಾನಿಗೆ ಹೇಳಿದರು. ಸಾಲಿನಲ್ಲಿ ನಾನು ಮೂರನೆಯವಳು. ಕಾಕಾನ ಕೈಯಲ್ಲಿ ಟೇಪು ಅರ್ಧ ಬಿಚ್ಚಿಕೊಂಡು ಹಾಗೇ ನಿಂತಿತು.

"ಬ್ಯಾಡ್ರಿ ಸಿಸ್ಟರ್. ನಂದು ಅರ್ಧ ಮರ್ಧ ವಿದ್ಯಾ. ಒಂದು ಹುಡಿಗೀಗೆ ತಪ್ಪು ಕಲಿಸಿ ಕೆಡಿಸೀನ್ರಿ. ಮತ್ತ ಮಕ್ಕಳನ್ನ ಕೆಡಸೂದು ಬ್ಯಾಡ್ರಿ."

ಸಿಸ್ಟರ್ ಎರಡು ಮೂರು ಸಲ ಒತ್ತಾಯಿಸಿದರು. ಕಾಕಾ ನಗುತ್ತಲೇ ತಲೆ ಅಲ್ಲಾಡಿಸಿದರು. ನಾನು ಒಂದು ಹೆಜ್ಜೆ ಮುಂದೆ ಬಂದು ಒಂದೇ ವಾಕ್ಯ ಹೇಳಿದ್ದರೆ ಸಾಕಿತ್ತು. ಗೆಳತಿ ನನ್ನ ಹಿಂದೆಯೇ ಇದ್ದಳು. ನಾನು ನನ್ನ ಬೂಟಿನ ಲೇಸು ನೋಡುತ್ತ ನಿಂತೆ. ಒಂದು ಲೇಸಿನ ತುದಿಯ ಪ್ಲಾಸ್ಟಿಕ್ ಹೋಗಿ ನೂಲು ಬಿಚ್ಚಿಕೊಂಡಿತ್ತು, ಇಂದಿಗೂ ನೆನಪಿದೆ. ಸಿಸ್ಟರ್ ಒಳಗೆ ಹೋದರು. ನನ್ನ ಸರದಿ ಬಂತು. ಕಾಕಾ ನೆಲ ನೋಡುತ್ತ ಅಳತೆ ತೆಗೆದುಕೊಂಡು, "ಉದ್ದ ಆಗೀಯವ್ವಾ ಈ ವರ್ಷ" ಎಂದರು.

ಹತ್ತನೆಯ ತರಗತಿಯಲ್ಲಿ ಟ್ಯೂಷನ್, ಪರೀಕ್ಷೆ ಎಂದು ನಾನು ಅಂಗಡಿಗೆ ಹೋಗುವುದನ್ನು ಬಿಟ್ಟೆ. ಅವರೂ ಕರೆಯಲಿಲ್ಲ. ಮೇಜಿನ ಮೇಲೆ ಮತ್ತೆ ಆ ಖಾಕಿ ಬಟ್ಟೆ ಹಾಸಿದ್ದನ್ನು ನಾನು ಕಾಣಲಿಲ್ಲ. ಮದುವೆಯಾಗಿ ಹಗರಿಬೊಮ್ಮನಹಳ್ಳಿಗೆ ಬಂದೆ. ಮಕ್ಕಳು, ಅತ್ತೆಯವರ ಕಾಯಿಲೆ, ಹಬ್ಬ ಹುಣ್ಣಿಮೆ... ಬಹಳ ವರ್ಷಗಳ ಮೇಲೆ ಒಮ್ಮೆ ಉಜ್ಜಿನಿಗೆ ಹೋದಾಗ ದೇವಸ್ಥಾನದ ಮೆಟ್ಟಿಲ ಬಳಿ ಕಾಕಾ ಸಿಕ್ಕಿದ್ದರು. ತಲೆ ಪೂರ್ತಿ ಬೆಳ್ಳಗಾಗಿತ್ತು, ಗುರುತು ಮಾತ್ರ ನನಗಿಂತ ಮೊದಲೇ ಅವರಿಗೆ ಹತ್ತಿತು. ನನ್ನ ಯಜಮಾನರಿಗೆ, "ಭಾಳ ಶ್ಯಾಣ್ಯಾ ಹುಡುಗಿ ಇದ್ಲರಿ ಈಕಿ. ನಾ ಒಳ್ಳೆ ಗುರು ಆಗಿದ್ರ ಎಲ್ಲಿಗೋ ಹೋಗ್ತಿದ್ಲು" ಎಂದರು. ಹೇಳಿಬಿಡೋಣ ಎಂದು ಬಾಯಿ ತೆರೆದೆ. ಅಷ್ಟರಲ್ಲಿ ಮಗಳು ನೀರು ಬೇಕೆಂದು ಸೆರಗು ಎಳೆದಳು. ಮಗಳ ಮೇಲೆ ಹಾಕುವುದು ಸುಳ್ಳು. ಅವಳು ಎಳೆಯದಿದ್ದರೂ ನಾನು ಹೇಳುತ್ತಿರಲಿಲ್ಲ. ಅವರು ತೀರಿಕೊಂಡ ಸುದ್ದಿ ಬಂದದ್ದು ಅದಾಗಿ ಎರಡು ವರ್ಷಕ್ಕೆ, ಅದೂ ಅಣ್ಣ ಫೋನಿನಲ್ಲಿ ಇನ್ನೇನೋ ಮಾತಾಡುತ್ತ ನಡುವೆ ಹೇಳಿದ್ದು.

ರಿಪೇರಿಯವನು ಹೋದ ರಾತ್ರಿ ಊಟಕ್ಕೆ ಬಡಿಸುತ್ತ ಯಜಮಾನರಿಗೆ ಎಲ್ಲವನ್ನೂ ಹೇಳಿದೆ. ಅವರು ಕೈ ತೊಳೆದು ಬಂದು, "ಅಲ್ಲ, ಒಂದು ಆಟ ಡ್ರಾ ಆಗಿದ್ದಕ್ಕ ಇಷ್ಟು ವರ್ಷ ಸಂಕಟ ಪಡ್ತಾರೇನು?" ಎಂದರು. ಒಳ್ಳೆಯ ಮನಸ್ಸಿನಿಂದಲೇ ಅಂದರು. ಆಟದ ಮಾತಾಗಿರಲಿಲ್ಲ ಅದು. ಅವರ ತಟ್ಟೆ ಎತ್ತಿಕೊಂಡು ಒಳಗೆ ಹೋದೆ.

ಮುಂದಿನ ವಾರ ತವರಿಗೆಂದು ಕೊಟ್ಟೂರಿಗೆ ಹೋದವಳು ಕಾಕಾನ ಮಗಳ ಮನೆ ಕೇಳಿಕೊಂಡು ಹೋದೆ. ಆಕೆ ಪಡಸಾಲೆಯಲ್ಲಿ ಯಂತ್ರ ಇಟ್ಟುಕೊಂಡು ಬ್ಲೌಸ್ ಹೊಲಿಯುತ್ತಾಳೆ. ನಾನು ಬಟ್ಟೆ ತಂದವಳೆಂದು ತಿಳಿದು, ಈ ತಿಂಗಳು ಆಗೂದಿಲ್ಲರಿ, ಮದುವಿ ಸೀಜನ್ನು ಎಂದಳು. ನಾನು ಯಾರೆಂದು ಹೇಳಿದೆ.

"ಓ, ಇಂಗ್ಲಿಷ್ ಓದಿ ಹೇಳ್ತಿದ್ರಲ್ಲ, ಆ ಅಕ್ಕಾರೇನ್ರಿ ನೀವು?" ಎಂದು ಎದ್ದು ಕುರ್ಚಿ ಕೊಟ್ಟಳು. "ಅಪ್ಪ ಕಡೀತನ ನಿಮ್ಮನ್ನ ನೆನಸ್ತಿದ್ದರಿ. ಆ ಹುಡಿಗೀಗೆ ನಾ ಅನ್ಯಾಯ ಮಾಡೀನಿ ಅಂತಿದ್ದ."

ಕೂತವಳು ಕೂತ ಹಾಗೆಯೇ ಹೇಳಿದೆ. ಆನೆ ಕಂಡದ್ದು, ಕೈ ಎತ್ತಿದ್ದು, ಹಿಂದಕ್ಕೆ ತೆಗೆದುಕೊಂಡದ್ದು, ಯಾಕೆಂಬುದು, ಆಮೇಲೆ ಹೇಳಿದ ಸುಳ್ಳು. ಆಕೆ ಯಂತ್ರದ ಗಾಲಿಯ ಮೇಲೆ ಕೈ ಇಟ್ಟುಕೊಂಡು ಪೂರ್ತಿ ಕೇಳಿದಳು. ಬೀದಿಯಲ್ಲಿ ಹೂವಿನವಳು ಕೂಗಿಕೊಂಡು ಹೋದಳು.

"ನನಗ ಆ ಆಟ ತಿಳಿಯೂದಿಲ್ಲರಿ ಅಕ್ಕಾರ" ಎಂದಳು ಕೊನೆಗೆ. ಬೈಯುವ ದನಿ ಇರಲಿಲ್ಲ. "ಆದ್ರ ಇದೊಂದು ಮಾತು ಅಪ್ಪನ ಕಿವೀಗೆ ಬಿದ್ದಿದ್ರ ಚಲೋ ಇತ್ತು ನೋಡ್ರಿ. ಸಿಟ್ಟಾಗ್ತಿದ್ದಿಲ್ಲರಿ ಅಂವ. ಖುಷಿ ಆಗ್ತಿದ್ದ."

ನಾನು ಇಷ್ಟು ವರ್ಷ ಹೆದರಿದ್ದು ಅವರ ಸಿಟ್ಟಿಗೆ, ಅವರ ನೋವಿಗೆ. ಖುಷಿಯಾಗುತ್ತಿದ್ದರೆಂದು ಒಮ್ಮೆಯೂ ಹೊಳೆದಿರಲಿಲ್ಲ. ಆಕೆ ಚಹಾಕ್ಕೆ ನೀರಿಡಲು ಒಳಗೆ ಹೋದಳು. ಖಾಲಿ ಪಡಸಾಲೆಯಲ್ಲಿ ಯಾರಿಗೂ ಕೇಳದಷ್ಟು ಮೆಲ್ಲಗೆ, ತಡವಾಗಿ, ಹೇಳಿದೆ. ಹೊಳೆದಿತ್ತು ಕಾಕಾ. ನೀವು ಪೂರ್ತಿ ಕಲಿಸಿದ್ದಿರಿ, ಅದಕ್ಕೇ ಹೊಳೆದಿತ್ತು.